ಫಲಾನುಭವಿಗಳಲ್ಲ, ದುಡಿಯುವವರು

2023ರ ಮೇ ತಿಂಗಳಲ್ಲಿ ಹಾವೇರಿ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸೀಟುಗಳಲ್ಲಿ ಏಳನ್ನು ಜನ ಕಾಂಗ್ರೆಸ್ಸಿಗೆ ಕೊಟ್ಟರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಆ ಏಳರಲ್ಲಿದ್ದವು. ವರ್ಷ ತುಂಬುವಷ್ಟರಲ್ಲಿ ಇದೇ ಕ್ಷೇತ್ರ ಬಿಜೆಪಿಯ ಬಸವರಾಜ ಬೊಮ್ಮಾಯಿಯವರನ್ನು ದಿಲ್ಲಿಗೆ ಕಳಿಸಿತು. ನಡುವೆ ಕಾಂಗ್ರೆಸ್ ಸರಕಾರದ ಶಕ್ತಿ ಬಸ್ಸು ಹೆಂಗಸರಿಗೆ ಉಚಿತವಾಗಿ ಓಡಿತ್ತು, ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳಿಗೊಮ್ಮೆ ಅವರ ಖಾತೆಗೆ ಬಿದ್ದಿತ್ತು. ಫಲಿತಾಂಶ ಬಂದದ್ದೇ ತಡ, ನಮ್ಮ ಪ್ರಗತಿಪರ ಗೆಳೆಯರ ಬಾಯಲ್ಲಿ ಒಂದೇ ಮಾತು: ಉಂಡ ಮನೆಯ ಜಂತೆ ಎಣಿಸಿದರು.

ಯಾರು ಉಂಡದ್ದು ಯಾರ ಮನೆಯಲ್ಲಿ? ಬ್ಯಾಡಗಿಯ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋಗಿ ನೋಡಿ. ಮೂಗು ಬಾಯಿಗೆ ಸೀರೆಯ ಸೆರಗು ಸುತ್ತಿಕೊಂಡು, ಮೆಣಸಿನಕಾಯಿಯ ರಾಶಿಯ ಮುಂದೆ ಬೆಳಗಿನಿಂದ ಕೂತು ತುಂಬು ಬಿಡಿಸುವ ಹೆಂಗಸರ ಅಂಗೈ ರಾತ್ರಿಯೂ ಉರಿಯುತ್ತದೆ. ಆ ಕೈಯಲ್ಲಿ ಕೂಸನ್ನು ಎತ್ತಿಕೊಂಡರೆ ಕೂಸು ಚೀರುತ್ತದೆ. ಭೌಗೋಳಿಕ ಸೂಚ್ಯಂಕದ ಮುದ್ರೆ ಕಾಯಿಗೆ ಸಿಕ್ಕಿತು. ಬಿಡಿಸಿದವಳಿಗೆ ಪಿಂಚಣಿ ಇಲ್ಲ, ಹೆರಿಗೆ ರಜೆ ಇಲ್ಲ. 2024ರ ಮಾರ್ಚ್ 11ರಂದು ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಇಟ್ಟರು. ರೈತನ ನಷ್ಟದ ಮಾತು ಬಂತು, ಬರಲೇಬೇಕಿತ್ತು. ಆದರೆ ಮಾರುಕಟ್ಟೆ ನಿಂತರೆ ಅಂದಿನ ಕೂಲಿಯೇ ಹೋಗುವ ಈ ಹೆಂಗಸರ, ಹಮಾಲರ ಹೆಸರನ್ನು ಯಾವ ವೇದಿಕೆಯಲ್ಲೂ ನಾನು ಕೇಳಲಿಲ್ಲ.

ಬಡವರ ಪಕ್ಷ ಎಂದುಕೊಳ್ಳುವವರು ಇವರನ್ನು ಫಲಾನುಭವಿಗಳ ಪಟ್ಟಿಯಲ್ಲಿ ಕಂಡರು, ದುಡಿಯುವವರೆಂದು ಕಾಣಲೇ ಇಲ್ಲ. ನನ್ನ ಸಿಟ್ಟಿಗೆ ಮೂಲ ಇದು. ಎರಡು ಸಾವಿರ ಬೇಡವೆಂದು ಯಾವ ತಾಯಿಯೂ ಅನ್ನಲಿಲ್ಲ, ನಾನೂ ಅನ್ನುವುದಿಲ್ಲ. ಅದು ಅವರದೇ ತೆರಿಗೆಯ ದುಡ್ಡು. ಬೆಂಕಿಪೊಟ್ಟಣಕ್ಕೂ ಅವರು ತೆರಿಗೆ ಕಟ್ಟುತ್ತಾರೆ. ಆದರೆ ಕೂಲಿಯ ಪ್ರಶ್ನೆ ಎತ್ತಿದವರು ಯಾರು? 2023ರ ಫೆಬ್ರುವರಿಯಲ್ಲಿ ಬೊಮ್ಮಾಯಿ ಸರಕಾರ ಕಾರ್ಖಾನೆ ಕಾಯ್ದೆಯನ್ನು ತಿದ್ದಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ಸರಕಾರ ಬದಲಾಯಿತು, ತಿದ್ದುಪಡಿ ಉಳಿಯಿತು. 2020ರ ಭೂಸುಧಾರಣಾ ತಿದ್ದುಪಡಿಯ ವಿರುದ್ಧ ಗುಡುಗಿದ ಕಾಂಗ್ರೆಸ್, ಲೋಕಸಭೆಗೆ ಮತ ಕೇಳಲು ಬಂದಾಗಲೂ ಅದನ್ನು ಕಿತ್ತುಹಾಕಿರಲಿಲ್ಲ.

ಕೆಂಪು ಬಾವುಟದವರನ್ನೂ ಬಿಡಲಾರೆ. ನಮ್ಮ ಪಕ್ಕದ ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರು ಸಿಪಿಐನ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ್ದರು. ಗಿರಣಿ ಮುಚ್ಚಿದವು. ದುಡಿಮೆ ಮಾರುಕಟ್ಟೆಗೆ, ಕಟ್ಟಡಕ್ಕೆ, ರಾಣೆಬೆನ್ನೂರಿನ ಬೀಜದ ಹೊಲಗಳಿಗೆ ಹರಡಿಕೊಂಡಿತು. ಕಾರ್ಮಿಕ ಸಂಘ ಅದರ ಬೆನ್ನು ಹತ್ತಲಿಲ್ಲ. 2008ರಿಂದೀಚೆಗಿನ ಚುನಾವಣೆಗಳಲ್ಲಿ ಕರ್ನಾಟಕದ ವಿಧಾನಸಭೆಗೆ ಒಬ್ಬ ಕಮ್ಯುನಿಸ್ಟನೂ ಗೆದ್ದು ಹೋಗಿಲ್ಲ.

ಜಾತಿ, ಧರ್ಮದ ಸೆಳೆತವಿಲ್ಲವೇ? ಇದೆ, ಬಲವಾಗಿಯೇ ಇದೆ. ಆದರೆ ಅದೊಂದನ್ನೇ ಹೇಳಿ ಕೈತೊಳೆದುಕೊಳ್ಳುವುದು ಸೋಮಾರಿತನ. 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಇದೇ ಹಾವೇರಿಯಲ್ಲಿ ಗೋಲಿಬಾರ್ ಆಯಿತು, ಇಬ್ಬರು ಸತ್ತರು. ಆಗ ಆಳುತ್ತಿದ್ದದ್ದು ಬಿಜೆಪಿ. ಮರುವರ್ಷ ಲೋಕಸಭೆಗೆ ಗೆದ್ದದ್ದೂ ಬಿಜೆಪಿ. ಆ ಸಾವಿನ ಸಂಕಟವನ್ನು ಊರೂರಿಗೆ ಹೊತ್ತು, ಮತವಾಗುವವರೆಗೆ ಕಾಯುವ ಸಂಘಟನೆ ಎಡದವರ ಬಳಿ ಇರಲಿಲ್ಲ. ಮದುವೆ, ಮಣ್ಣು, ಜಾತ್ರೆ, ಗಣಪತಿ ಎಲ್ಲದಕ್ಕೂ ಓಣಿಯಲ್ಲಿ ನಿಲ್ಲುವವರು ಬೇರೆಯವರಿದ್ದರು. ನಾವು ವಿಚಾರ ಸಂಕಿರಣದಲ್ಲಿದ್ದೆವು.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ಮೈಕ್ರೋಫೈನಾನ್ಸಿನ ಕಾಟ ತಾಳದೆ ತಮ್ಮ ತಾಳಿಯನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಫೆಬ್ರುವರಿಯಲ್ಲಿ ಆ ಕಾಟ ತಡೆಯಲು ಸುಗ್ರೀವಾಜ್ಞೆ ಬಂತು. ತಿಂಗಳಿಗೆ ಎರಡು ಸಾವಿರ ಕೊಡುವ ಸರಕಾರಕ್ಕೆ, ವಾರವಾರ ಕಂತು ಕಟ್ಟಲಾಗದ ಆ ಮನೆಗಳು ತಾಳಿ ಕಳಿಸುವವರೆಗೆ ಕಾಣಲಿಲ್ಲವೇ? ಸಾಲ ಯಾಕಾಯಿತೆಂದು ಹೊಸ್ತಿಲಲ್ಲಿ ಕೂತು ಕೇಳಲು ಆಳುವ ಪಕ್ಷದ ಒಬ್ಬ ಕಾರ್ಯಕರ್ತನೂ ಓಣಿಯಲ್ಲಿರಲಿಲ್ಲವೇ?

ರಾಣೆಬೆನ್ನೂರಿನಲ್ಲಿ ಕಾಂಗ್ರೆಸ್ಸಿನ ಕೆ.ಬಿ. ಕೋಳಿವಾಡರ ನಂತರ ಅವರ ಮಗನಿಗೇ ಟಿಕೆಟ್ಟು. ಹೀಗಿರುವಾಗ ಬೊಮ್ಮಾಯಿಯವರ ಮನೆತನದ ರಾಜಕಾರಣವನ್ನು ಯಾವ ಬಾಯಿಂದ ಬೈಯುತ್ತೀರಿ? ತುಂಬು ಬಿಡಿಸುವವಳಿಗೆ, ಮೂಟೆ ಹೊರುವವನಿಗೆ ಟಿಕೆಟ್ಟು ಕೊಡಿ. ದುಡ್ಡಿಲ್ಲದವರು ಗೆಲ್ಲುವುದಿಲ್ಲ ಎನ್ನುವುದಾದರೆ, ಬಡವರ ಪಕ್ಷವೆಂಬ ಹೆಸರನ್ನು ಇವತ್ತೇ ಕೆಳಗಿಳಿಸಿ.