ಮಾತಾಡಿ ಮಾತಾಡಿ ಕೊಂದ ಕಾಯಿದೆಗಳು

ಒಂದು ಮಸೂದೆಯನ್ನ ಸೋಲಿಸಬೇಕಾದರೆ ಅದರ ವಿರುದ್ಧ ಹೆಚ್ಚು ಓಟು ಬೀಳಬೇಕು ಅಂತ ಪೌರನೀತಿ ಪುಸ್ತಕದಲ್ಲಿ ಓದಿದ್ದೇವೆ. ಅಮೆರಿಕದ ಮೇಲ್ಮನೆ ಸೆನೆಟ್ಟಿನಲ್ಲಿ ಅಷ್ಟು ಕಷ್ಟ ಪಡಬೇಕಿಲ್ಲ. ಓಟೇ ನಡೆಯದ ಹಾಗೆ ನೋಡಿಕೊಂಡರೆ ಸಾಕು. ಎದ್ದು ನಿಂತು ಮಾತಾಡುತ್ತಲೇ ಇರುವುದು. ಒಬ್ಬ ಸುಸ್ತಾದರೆ ಇನ್ನೊಬ್ಬ ಎದ್ದು ನಿಲ್ಲುವುದು. ಮಾತು ಮುಗಿಯದೆ ಓಟಿಲ್ಲ, ಓಟಿಲ್ಲದೆ ಕಾಯಿದೆ ಇಲ್ಲ. ಇದಕ್ಕೆ ಅಲ್ಲಿ ಫಿಲಿಬಸ್ಟರ್ ಅಂತಾರೆ. ಆ ಮಾತನ್ನ ನಿಲ್ಲಿಸಿ ಓಟಿಗೆ ತರುವ ನಿಯಮಕ್ಕೆ ಕ್ಲೋಚರ್ ಅಂತ ಹೆಸರು. ಈ ನಿಯಮ ತಿದ್ದಬೇಕು ಅನ್ನುವ ಜಗಳ ಅಲ್ಲಿ ನೂರು ವರ್ಷದಿಂದ ನಡೆದಿದೆ, ಇನ್ನೂ ತೀರಿಲ್ಲ.

ಅಷ್ಟು ದೂರದ ಸಭೆಯ ನಿಯಮ ಕಟ್ಟಿಕೊಂಡು ನಮಗೇನಾಗಬೇಕು ಅಂತ ಕೇಳುವವರು ಒಂದು ವಿಷಯ ಗಮನಿಸಬೇಕು. ಅಲ್ಲಿ ಹೀಗೆ ಮಾತಾಡಿ ಕೊಂದ ಕಾಯಿದೆಗಳು ಯಾರವು? ಹೆಚ್ಚು ಮುಖ್ಯವಾದವೆಲ್ಲ ಕರಿಯರವು.

ಬಿಳಿಯರ ಗುಂಪು ಕರಿಯರನ್ನ ಹಿಡಿದು ಮರಕ್ಕೆ ನೇತುಹಾಕಿ ಕೊಲ್ಲುತ್ತಿತ್ತು. ಇದು ಲಿಂಚಿಂಗ್. ಇದನ್ನ ದೇಶದ ಕಾನೂನಿನಲ್ಲಿ ಅಪರಾಧ ಮಾಡಬೇಕು ಅಂತ ಡೈಯರ್ ಮಸೂದೆ ಬಂತು. 1922ರ ಜನವರಿಯಲ್ಲಿ ಕೆಳಮನೆ ಅದನ್ನ 231ಕ್ಕೆ 119 ಓಟಿನಿಂದ ಒಪ್ಪಿತು. ಸೆನೆಟ್ಟಿನಲ್ಲಿ ದಕ್ಷಿಣದ ರಾಜ್ಯಗಳ ಸದಸ್ಯರು ಮಾತಾಡಿ ಕೊಂದರು. 1935ರಲ್ಲಿ ಮತ್ತೆ ಬಂತು, ಮತ್ತೆ ಕೊಂದರು. 1938ರಲ್ಲಿ ವಾರಗಟ್ಟಲೆ ಮಾತಾಡಿ ಕೊಂದರು. ಕಡೆಗೆ ಆ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚ್ 29ರಂದು. ಅದಕ್ಕೆ ಎಮೆಟ್ ಟಿಲ್ ಹೆಸರಿಟ್ಟಿದ್ದಾರೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದ 14 ವರ್ಷದ ಹುಡುಗ ಅವನು. ಕೊಲೆ ಅಪರಾಧ ಅಂತ ಬರೆಯೋದಕ್ಕೆ ನೂರು ವರ್ಷ!

1946ರಲ್ಲಿ ಬಾಬಾಸಾಹೇಬರು ಕರಿಯರ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಅದೇ 1946ರಲ್ಲಿ, ಕೆಲಸ ಕೊಡುವಾಗ ಬಣ್ಣದ ಭೇದ ಮಾಡಬಾರದು ಅನ್ನುವ ಮಸೂದೆಯನ್ನೂ ಸೆನೆಟ್ಟಿನಲ್ಲಿ ಮಾತಾಡಿಯೇ ಮುಗಿಸಿದರು. 1957ರಲ್ಲಿ ಸ್ಟ್ರಾಮ್ ಥರ್ಮಂಡ್ ಅನ್ನುವ ಸೆನೆಟರ್, ಕರಿಯರ ಓಟಿನ ಹಕ್ಕಿನ ಮಸೂದೆಯ ವಿರುದ್ಧ 24 ಗಂಟೆ 18 ನಿಮಿಷ ಒಬ್ಬನೇ ನಿಂತು ಮಾತಾಡಿದ.

ಇದೇನು ಅವರ ಸಂವಿಧಾನ ಕೊಟ್ಟ ಹಕ್ಕೇ? ಅಲ್ಲ. ಸಂವಿಧಾನದಲ್ಲಿ ಫಿಲಿಬಸ್ಟರ್ ಅನ್ನುವ ಪದವೇ ಇಲ್ಲ. 1806ರಲ್ಲಿ ಸೆನೆಟ್ ತನ್ನ ನಿಯಮಗಳನ್ನ ಚೊಕ್ಕಟ ಮಾಡುವಾಗ, ಚರ್ಚೆ ನಿಲ್ಲಿಸೋದಕ್ಕೆ ಬಳಸಬಹುದಾಗಿದ್ದ ಒಂದು ನಿಯಮವನ್ನ ಬೇಡವೆಂದು ಕೈಬಿಟ್ಟಿತು. ಆ ಸಂದಿಯಲ್ಲಿ ಬೆಳೆದ ಗಿಡ ಇದು. 1917ರಲ್ಲಿ ಮೊದಲ ಸಲ ಕಡಿವಾಣ ಹಾಕಿದರು: ಹಾಜರಿದ್ದು ಓಟು ಹಾಕುವವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಮಾತು ನಿಲ್ಲಿಸಬಹುದು. 1949ರಲ್ಲಿ ಅದನ್ನೂ ಬಿಗಿ ಮಾಡಿದರು. ಹಾಜರಿದ್ದವರಲ್ಲ, ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಬೇಕು ಅಂದರು. ಇನ್ನೂ ಒಂದು ಚಾಲಾಕಿ ನೋಡಿ: ನಿಯಮವನ್ನೇ ಬದಲಾಯಿಸುವ ಸೂಚನೆ ಬಂದರೆ ಅದರ ಮೇಲಿನ ಮಾತನ್ನ ನಿಲ್ಲಿಸುವಂತೆಯೇ ಇಲ್ಲ ಅಂತ ಬರೆದುಕೊಂಡರು. ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನ ಪೆಟ್ಟಿಗೆಯೊಳಗೇ ಇಟ್ಟರು. ಹತ್ತು ವರ್ಷ ಗುದ್ದಾಡಿದ ಮೇಲೆ 1959ರಲ್ಲಿ ಅದು ಸ್ವಲ್ಪ ಸಡಿಲವಾಯಿತು.

1964ರಲ್ಲಿ ನಾಗರಿಕ ಹಕ್ಕುಗಳ ಮಸೂದೆ ಬಂದಾಗ ದಕ್ಷಿಣದವರು ಎರಡು ತಿಂಗಳಿಗೂ ಮೇಲೆ ಎಳೆದರು. ಹೊರಗೆ ಬೀದಿಯಲ್ಲಿ ಕರಿಯರ ಚಳವಳಿ ಕುದಿಯುತ್ತಿತ್ತು. ಜೂನ್ 10ರಂದು ಮಾತು ನಿಲ್ಲಿಸುವ ಓಟು. ಕ್ಲೇರ್ ಎಂಗಲ್ ಅನ್ನುವ ಸೆನೆಟರ್‌ಗೆ ಮೆದುಳಿನಲ್ಲಿ ಗೆಡ್ಡೆಯಾಗಿ ಮಾತು ನಿಂತುಹೋಗಿತ್ತು. ಗಾಲಿಕುರ್ಚಿಯಲ್ಲಿ ಅವರನ್ನ ಕರೆತಂದರು. ಹೆಸರು ಕೂಗಿದಾಗ ಅವರು ತಮ್ಮ ಕಣ್ಣು ಮುಟ್ಟಿ ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಸಭೆಯಲ್ಲಿ 'ಹೌದು' ಅನ್ನೋದಕ್ಕೂ ಒಂದೇ ಉಚ್ಚಾರ. 71ಕ್ಕೆ 29 ಓಟಿನಿಂದ ಬಾಯಿಗಳು ಮುಚ್ಚಿದವು. ಕರಿಯರ ಹಕ್ಕಿನ ಮಸೂದೆಯೊಂದಕ್ಕೆ ಕ್ಲೋಚರ್ ಗೆದ್ದದ್ದು ಅದೇ ಮೊದಲು. ಮಾತೇ ಬಾರದವನ ಓಟೂ ಅದರಲ್ಲಿತ್ತು ಅನ್ನೋದನ್ನ ಮರೆಯಬೇಡಿ.

1975ರಲ್ಲಿ ಲೆಕ್ಕ ಇಳಿಯಿತು. ನೂರು ಸದಸ್ಯರಲ್ಲಿ 60 ಜನ ಒಪ್ಪಿದರೆ ಸಾಕು ಅಂದರು. ಅದು ಗೆಲುವೇ ಸರಿ. ಆದರೆ ಹೆಚ್ಚುಕಮ್ಮಿ ಅದೇ ಕಾಲಕ್ಕೆ ಇನ್ನೊಂದು ಪದ್ಧತಿಯೂ ಬಂತು: ತಡೆ ಬಿದ್ದ ಮಸೂದೆಯನ್ನ ಪಕ್ಕಕ್ಕಿಟ್ಟು ಬೇರೆ ಕೆಲಸ ನಡೆಸುವುದು. ಇದರಿಂದ ತಡೆಯುವವನಿಗೆ ನಿಂತು ಮಾತಾಡುವ ಕಷ್ಟವೂ ತಪ್ಪಿತು. ಈಗ 41 ಜನ ಬೇಡ ಅಂದರೆ ಮುಗಿಯಿತು, ಕುಳಿತಲ್ಲೇ ಕಾಯಿದೆ ಸಾಯುತ್ತೆ.

ಇದು ಸೆನೆಟ್ಟಿನ ಪವಿತ್ರ ಸಂಪ್ರದಾಯ, ಮುಟ್ಟಬಾರದು ಅಂತ ಅಲ್ಲಿ ದೊಡ್ಡವರು ಹೇಳ್ತಾರೆ. ಮುಟ್ಟಬಾರದು ಅನ್ನುವ ಮಾತು ಕೇಳಿದರೆ ನಮ್ಮ ಕಿವಿ ನಿಮಿರುತ್ತೆ. ನಿಜವಾಗಿ ಮುಟ್ಟಿಲ್ಲವೇ? 2013ರಲ್ಲಿ ಡೆಮಾಕ್ರಾಟರು, ಸುಪ್ರೀಂ ಕೋರ್ಟನ್ನ ಬಿಟ್ಟು ಉಳಿದ ನೇಮಕಗಳಿಗೆ ಬರೀ ಬಹುಮತ ಸಾಕು ಅಂತ ಮಾಡಿಕೊಂಡರು. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗೂ ಅದನ್ನೇ ಮಾಡಿದರು. ಕುರ್ಚಿ ತುಂಬಬೇಕಾದಾಗ ಸಂಪ್ರದಾಯ ಒಂದೇ ದಿನದಲ್ಲಿ ಮುರಿಯಿತು. 2022ರ ಜನವರಿ 19ರಂದು ಓಟಿನ ಹಕ್ಕನ್ನ ಕಾಪಾಡುವ ಮಸೂದೆ ಬಂತು. ಕರಿಯರ ನಾಯಕ ಜಾನ್ ಲೂಯಿಸ್ ಹೆಸರು ಅದಕ್ಕಿತ್ತು. ತಡೆಯುವವರು ನಿಂತು ಮಾತಾಡಲಿ, ಮಾತು ಮುಗಿದ ಮೇಲೆ ಬಹುಮತದಿಂದ ಓಟಾಗಲಿ ಅಂತ ಅದೊಂದು ಮಸೂದೆಗೆ ಮಾತ್ರ ನಿಯಮ ಬದಲಿಸಿ ಅಂದರೆ, 48ಕ್ಕೆ 52ರಿಂದ ಸೋಲಿಸಿದರು. ಡೆಮಾಕ್ರಾಟ್ ಪಕ್ಷದ ಇಬ್ಬರು, ಮ್ಯಾಂಚಿನ್ ಮತ್ತು ಸಿನೆಮಾ, ಆ ಕಡೆಗೆ ಓಟು ಹಾಕಿದರು. ಸಂಪ್ರದಾಯ ನೆನಪಾದದ್ದು ಆವಾಗ!

ಈಗ ನಾವೇ ಉತ್ತರ ಕೊಡಬೇಕಾದ ಪ್ರಶ್ನೆ. ಫಿಲಿಬಸ್ಟರ್ ಇರೋದೇ ಅಲ್ಪಸಂಖ್ಯೆಯವರ ರಕ್ಷಣೆಗೆ ಅಂತಾರೆ. ನಾವೂ ಸಂಖ್ಯೆಯಲ್ಲಿ ಕಡಿಮೆಯವರು. ಬಹುಮತದ ತುಳಿತ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಹಾಗಾದರೆ ಇದನ್ನ ನಾವು ಬೆಂಬಲಿಸಬೇಡವೇ?

ಬೇಡ. ಸಭೆಯೊಳಗೆ ಸಂಖ್ಯೆ ಕಡಿಮೆ ಇರೋದು ಬೇರೆ, ಸಮಾಜದಲ್ಲಿ ತುಳಿತಕ್ಕೆ ಒಳಗಾಗಿರೋದು ಬೇರೆ. ದಕ್ಷಿಣದ ಆ ಸೆನೆಟರುಗಳು ಸಭೆಯಲ್ಲಿ ಅಲ್ಪಸಂಖ್ಯಾತರು, ಊರಿನಲ್ಲಿ ಯಜಮಾನರು. ಕರಿಯರಿಗೆ ಓಟೇ ಸಿಗದ ಹಾಗೆ ಮಾಡಿ ಗೆದ್ದು ಬಂದವರು. ಸಾಲದ್ದಕ್ಕೆ ಸೆನೆಟ್ಟಿನಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಎರಡೇ ಸ್ಥಾನ. ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಎರಡು, 6 ಲಕ್ಷವೂ ಇಲ್ಲದ ವಯೋಮಿಂಗಿಗೂ ಎರಡು. ಬಲವಿದ್ದವರ ಅಲ್ಪಸಂಖ್ಯೆಗೆ ಮತ್ತೊಂದು ದೊಣ್ಣೆ ಯಾಕೆ? ಬಡವರ ರಕ್ಷಣೆ ಬರೆದಿಟ್ಟ ಹಕ್ಕಿನಲ್ಲಿರಬೇಕು. ಬಾಬಾಸಾಹೇಬರು 17ನೇ ವಿಧಿಯನ್ನ, ಮೀಸಲಾತಿಯನ್ನ ಸಂವಿಧಾನದಲ್ಲೇ ಬರೆಸಿದ್ದು ಅದಕ್ಕೇ. ಸಭೆಯನ್ನ ಕಟ್ಟಿಹಾಕುವ ನಿಯಮವನ್ನ ನಂಬಿ ಅವರು ಕೂರಲಿಲ್ಲ.

ಮಾತಿನಿಂದ ಕೊಲ್ಲೋದು ಏನು ಅಂತ ಅವರಿಗೆ ಗೊತ್ತಿತ್ತು. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲನ್ನ ಸಂಪ್ರದಾಯಸ್ಥರು ಚರ್ಚೆಯ ಹೆಸರಿನಲ್ಲಿ ವರ್ಷಗಟ್ಟಲೆ ಎಳೆದರು. 1951ರ ಸೆಪ್ಟೆಂಬರಿನಲ್ಲಿ ನಾಲ್ಕೇ ಕಲಂ ಪಾಸಾಗಿ ನಿಂತುಹೋಯಿತು. ಬಾಬಾಸಾಹೇಬರು ಮಂತ್ರಿ ಪದವಿ ಬಿಟ್ಟು ಬಂದರು.

ಹಾಗಂತ ಮಾತೇ ಬೇಡ ಅಂತಲೂ ಅಲ್ಲ. ನಮ್ಮ ಲೋಕಸಭೆಯಲ್ಲಿ ಚರ್ಚೆ ಮುಗಿಸೋದಕ್ಕೆ ಬರೀ ಬಹುಮತ ಸಾಕು. ಅದರ ಅಪಾಯವನ್ನೂ ಕಂಡಿದ್ದೇವೆ. ನಮ್ಮನ್ನ ಹೊರಗಿಟ್ಟು ಉಳಿದವರಲ್ಲಿ ಬಡವರಿಗೆ ಅಂತ ಶೇಕಡಾ 10 ಮೀಸಲಾತಿ ಕೊಡುವ ಸಂವಿಧಾನ ತಿದ್ದುಪಡಿ, 2019ರ ಜನವರಿ 8ರಂದು ಲೋಕಸಭೆಯಲ್ಲಿ, 9ರಂದು ರಾಜ್ಯಸಭೆಯಲ್ಲಿ ಪಾಸಾಯಿತು. ಎರಡೇ ದಿನ! ಸಭೆ ನಿಧಾನವೋ ಜೋರೋ ಅನ್ನೋದನ್ನ ಕೆಲಸ ಯಾರದ್ದು ಅನ್ನೋದು ತೀರ್ಮಾನಿಸುತ್ತೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಮಾತಿಗೆ ಸಮಯ ಇರಲಿ, ಸಮಯಕ್ಕೆ ಕೊನೆ ಇರಲಿ. 1995ರಲ್ಲಿ ಟಾಮ್ ಹಾರ್ಕಿನ್ ಅನ್ನುವ ಸೆನೆಟರ್ ಒಂದು ದಾರಿ ತೋರಿಸಿದ್ದರು: ಮೊದಲ ಓಟಿಗೆ 60 ಬೇಕು, ಮುಂದಿನದಕ್ಕೆ 57, ಆಮೇಲೆ 54, ಕೊನೆಗೆ 51. ಎದುರಾಳಿಗೆ ಜನರ ಮುಂದೆ ತನ್ನ ಮಾತು ಹೇಳೋ ಅವಕಾಶ ಉಂಟು, ಓಟನ್ನ ಶಾಶ್ವತವಾಗಿ ಕಟ್ಟಿಹಾಕೋ ಅಧಿಕಾರ ಇಲ್ಲ. ಸೆನೆಟ್ ಒಪ್ಪಲಿಲ್ಲ. ಆದರೂ ಅದೇ ಸರಿಯಾದ ದಾರಿ. 2025ರ ಏಪ್ರಿಲ್ 1ರಂದು ಕೋರಿ ಬುಕರ್ ಅನ್ನುವ ಕರಿಯ ಸೆನೆಟರ್ 25 ಗಂಟೆ 5 ನಿಮಿಷ ಮಾತಾಡಿ ಥರ್ಮಂಡನ ದಾಖಲೆ ಮುರಿದರು. ಆ ಮಾತು ಯಾವ ಮಸೂದೆಯನ್ನೂ ಕೊಲ್ಲಲಿಲ್ಲ, ದೇಶ ಕೇಳಿಸಿಕೊಂಡಿತು. ಮಾತಾಡುವ ಹಕ್ಕು ಅಂದರೆ ಅದು.

ಗೆಳೆಯರೇ, ನಾವು ಸಂವಿಧಾನದ ಮುನ್ನುಡಿಯನ್ನ ಬಾಯಿಪಾಠ ಮಾಡ್ತೇವೆ, ಸಭೆಯ ನಿಯಮ ಪುಸ್ತಕ ಮುಟ್ಟೋದಿಲ್ಲ. ನಮ್ಮನ್ನ ಸೋಲಿಸುವವರು ಓದೋದು ಎರಡನೆಯದನ್ನ. ಗ್ರಾಮ ಪಂಚಾಯಿತಿ ಇರಲಿ, ವಿಧಾನಸಭೆ ಇರಲಿ, ವಿಷಯ ಪಟ್ಟಿ ಯಾರು ಬರೀತಾರೆ, ಮಾತು ಯಾರು ನಿಲ್ಲಿಸ್ತಾರೆ, ಎಷ್ಟು ಕೈ ಎತ್ತಿದರೆ ತೀರ್ಮಾನ ಆಗುತ್ತೆ ಅನ್ನೋದನ್ನ ಹಾಸ್ಟೆಲ್ಲಿನಲ್ಲಿ ಕೂತು ಓದಿ, ಚರ್ಚಿಸಿ. "ಇನ್ನೂ ಚರ್ಚೆ ಆಗಲಿ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಿ. ಒಪ್ಪಿಕೊಂಡು ಕೂಡಲೇ ಕೇಳಿ: ಯಾವ ತಾರೀಖಿನ ತನಕ?

ಜೈ ಭೀಮ್.