ಕಂಠಕ್ಕೆ ಸಾಧನೆ, ಕಾಲಿಗೆ ವಿಶ್ರಾಂತಿ?

ಮೊನ್ನೆ ಬೆಳಿಗ್ಗೆ ಆರೂವರೆಯ ಸುಮಾರಿಗೆ ನಾವು ಹನ್ನೊಂದು ಮಂದಿ ಹಿರಿಯರು ಕಣದಲ್ಲಿ ಸಾಲಾಗಿ ನಿಂತು ಹಿಮ್ಮಡಿಗಳನ್ನೆತ್ತಿ ಇಳಿಸುತ್ತಿದ್ದೆವು. ಹೊಳೆಯ ಕಡೆಯಿಂದ ಬರುತ್ತಿದ್ದ ನನ್ನ ಹಳೆಯ ಸ್ನೇಹಿತರೊಬ್ಬರು ಬೇಲಿಯ ಬಳಿ ನಿಂತು, "ಏನ್ ಮೇಷ್ಟ್ರೇ, ರಿಟೈರಾದ ಮೇಲೂ ಡ್ರಿಲ್ ಪೀರಿಯಡ್ಡು ಬಿಡಲಿಲ್ವಲ್ಲ! ದುಡಿದು ಸವೆದ ಮೈಗೆ ಇನ್ನೆಂಥ ವ್ಯಾಯಾಮ?" ಎಂದು ನಕ್ಕು ಮುಂದೆ ಹೋದರು. ಆಗ ನಾನೂ ನಕ್ಕೆ. ಮನೆಗೆ ಬಂದು ಕಾಫಿ ಕುಡಿಯುವಾಗ ಮಾತ್ರ ಆ ಮಾತು ಬಿಡದೆ ಕಾಡಿತು. ಅದು ಅವರೊಬ್ಬರ ಮಾತಲ್ಲ, ನಮ್ಮ ಸೀಮೆಯ ಬಹುಪಾಲು ಹಿರಿಯರ ಮನಸ್ಸಿನಲ್ಲಿರುವ ಮಾತು. ಅರವತ್ತು ದಾಟಿತೆಂದರೆ ಜಗಲಿಯೇ ಗತಿ, ಕುಳಿತುಕೊಳ್ಳುವುದೇ ಗೌರವ ಎಂಬ ಭಾವನೆ.

ನನಗೆ ಆಶ್ಚರ್ಯವೆನಿಸುವುದು ಇಂಥ ಮಾತು ನಮ್ಮ ರುದ್ರಪಟ್ಟಣದಲ್ಲಿ ಹುಟ್ಟುವುದು. ಕಾವೇರಿಯ ದಡದ ಈ ಪುಟ್ಟ ಊರು ನಾಡಿಗೆ ಎಷ್ಟು ಮಂದಿ ಸಂಗೀತ ವಿದ್ವಾಂಸರನ್ನು ಕೊಟ್ಟಿತೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. 1920ರಲ್ಲಿ ಇಲ್ಲಿ ಜನಿಸಿದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರು 2014ರಲ್ಲಿ ನಮ್ಮನ್ನಗಲಿದರು. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆಯ ಮೇಲೆ ಕುಳಿತು ಹಾಡುತ್ತಿದ್ದರು. "ಇಷ್ಟು ವರ್ಷ ಹಾಡಿ ಸವೆದ ಕಂಠಕ್ಕೆ ಇನ್ನೇಕೆ ಅಭ್ಯಾಸ?" ಎಂದು ಅವರನ್ನು ಊರಿನವರು ಯಾರಾದರೂ ಕೇಳಿದ್ದುಂಟೇ? ಇಲ್ಲ. ಸಾಧನೆ ಬಿಟ್ಟರೆ ಶಾರೀರ ಕೈಕೊಡುತ್ತದೆ ಎಂಬುದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಶಾರೀರಕ್ಕೆ ಒಪ್ಪಿಕೊಂಡ ನಿಯಮವನ್ನು ಶರೀರಕ್ಕೆ ಒಪ್ಪಿಕೊಳ್ಳಲು ಮಾತ್ರ ನಮಗೆ ಮನಸ್ಸಿಲ್ಲ.

ನಾನೂ ಹಾಗೆಯೇ ಇದ್ದೆ. ನನ್ನ ಕಣ್ಣು ತೆರೆಸಿದವಳು ಅಕ್ಕ. ಅವಳಿಗೀಗ ಎಪ್ಪತ್ತನಾಲ್ಕು. ಮೂರು ವರ್ಷಗಳ ಹಿಂದೆ ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ಕಾಲು ಜಾರಿ ಬಿದ್ದು ಸೊಂಟದ ಬಳಿ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಸಾಂಗವಾಗಿಯೇ ನಡೆಯಿತು, ಮೂಳೆಯೂ ಕೂಡಿತು. ಕೂಡದೆ ಉಳಿದದ್ದು ಧೈರ್ಯ. ಎಲ್ಲಿ ಮತ್ತೆ ಬೀಳುವೆನೋ ಎಂಬ ಅಂಜಿಕೆಯಿಂದ ಅವಳು ನಡೆಯುವುದನ್ನೇ ಕಡಿಮೆ ಮಾಡಿದಳು. ನಡೆಯದಿದ್ದುದರಿಂದ ಕಾಲಿನ ಕಸುವು ಇಳಿಯಿತು, ಕಸುವು ಇಳಿದಂತೆ ಬೀಳುವ ಸಂಭವವೂ ಹೆಚ್ಚಿತು. ಬೆಳಗಾಗುತ್ತಲೇ ಹೊಳೆಯ ಮೆಟ್ಟಿಲಿಳಿದು ಹೋಗುತ್ತಿದ್ದ ಹೆಂಗಸು ನಡುಮನೆಯ ಕುರ್ಚಿಗೆ ಅಂಟಿಕೊಂಡಳು. ನಾವೂ ಪ್ರೀತಿಯಿಂದ, "ನೀನು ಏಳಬೇಡ, ಕೂತಲ್ಲಿಗೇ ತಂದುಕೊಡುತ್ತೇವೆ" ಎನ್ನುತ್ತಿದ್ದೆವು. ಆ ಪ್ರೀತಿ ಅವಳಿಗೆ ಎಷ್ಟು ಕೆಡುಕು ಮಾಡಿತೆಂಬುದು ಆಮೇಲೆ ತಿಳಿಯಿತು.

ವೈದ್ಯಶಾಸ್ತ್ರ ಹೇಳುವ ಪ್ರಕಾರ ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ನಮ್ಮ ಸ್ನಾಯುಗಳು ಶೇ. 3ರಿಂದ 8ರಷ್ಟು ಕರಗುತ್ತವೆ; ಅರವತ್ತರ ನಂತರ ಈ ನಷ್ಟ ಇನ್ನೂ ತ್ವರಿತವಾಗುತ್ತದೆ. ಹಾಗೆಂದು ಕರಗಿದ್ದು ಮರಳಿ ಬರುವುದೇ ಇಲ್ಲವೆಂದಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಡಾ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು, ಸರಾಸರಿ ತೊಂಬತ್ತು ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅಭ್ಯಾಸ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಕೇವಲ ಹತ್ತು ಜನರ ಪರೀಕ್ಷೆ ಅದು, ನಿಜ. ಆದರೂ ತೊಂಬತ್ತಕ್ಕೆ ಸಾಧ್ಯವಾದದ್ದು ಅರವತ್ತೈದಕ್ಕೆ ಏಕಾಗಬಾರದು?

"ನಾನು ದಿನಾ ವಾಕಿಂಗ್ ಹೋಗುತ್ತೇನಲ್ಲ" ಎಂದು ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೂ ಒಳ್ಳೆಯದು, ಅದನ್ನು ಖಂಡಿತ ಬಿಡಬಾರದು. ಆದರೆ ಬೀಳುವುದನ್ನು ತಪ್ಪಿಸಲು ಅದೊಂದೇ ಸಾಲದು. ವೃದ್ಧರ ಬೀಳುವಿಕೆಯ ಬಗ್ಗೆ ನಡೆದ ನೂರೆಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ಶೇ. 23ರಷ್ಟು ತಗ್ಗುತ್ತದೆ. ಆ ಲಾಭ ಸ್ಪಷ್ಟವಾಗಿ ಕಂಡದ್ದು ಸಮತೋಲನ ಮತ್ತು ಬಲದ ಅಭ್ಯಾಸಗಳಲ್ಲಿ. ಬರಿಯ ನಡಿಗೆಯಿಂದ ಅಷ್ಟು ಪ್ರಯೋಜನವಾಗುವುದೆಂದು ಖಚಿತವಾಗಿ ಹೇಳಲಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ತನ್ನ ಮಾರ್ಗಸೂಚಿಯಲ್ಲಿ, ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಜೊತೆಗೆ, ಅರವತ್ತೈದು ದಾಟಿದವರು ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸ ಮಾಡಬೇಕೆಂದು ಹೇಳಿದೆ.

ಹಿಂದೆ ನಮಗೆ ಈ ಅಭ್ಯಾಸ ತಾನಾಗಿಯೇ ಆಗುತ್ತಿತ್ತು. ಊಟಕ್ಕೆ ನೆಲದ ಮೇಲೆ ಎಲೆ, ಪಾಠಕ್ಕೆ ಚಾಪೆ, ಬೀಸಲು, ರುಬ್ಬಲು, ಹೂ ಕಟ್ಟಲು ಎಲ್ಲಕ್ಕೂ ನೆಲವೇ. ದಿನಕ್ಕೆ ಇಪ್ಪತ್ತು ಸಲ ಕೂತು ಏಳುತ್ತಿದ್ದೆವು. ಈಗ ಡೈನಿಂಗ್ ಟೇಬಲ್ಲು, ಮಿಕ್ಸಿ, ಕಮೋಡು! ಮಂಡಿನೋವಿನವರಿಗೆ ಅವೆಲ್ಲ ವರವೇ ಸರಿ, ನಾನು ಹಳೆಯ ಕಾಲವನ್ನು ಹೊಗಳುತ್ತಿಲ್ಲ. ಆದರೆ ಕೈಯೂರದೆ ನೆಲದಿಂದ ಏಳುವ ವಿದ್ಯೆ ನಮ್ಮ ಕಣ್ಣೆದುರಿಗೇ ನಮ್ಮಿಂದ ಜಾರಿಹೋಯಿತು.

ಇನ್ನು ನನ್ನ ಸ್ನೇಹಿತರ ಮಾತಿಗೆ ಬರುತ್ತೇನೆ. ಈಗಲೂ ಗದ್ದೆಗಿಳಿದು ನಾಟಿ ಮಾಡುವ, ಹೊಗೆಸೊಪ್ಪಿನ ಹೊರೆ ಹೊರುವ ಹಿರಿಯರಿಗೆ "ಬನ್ನಿ, ವ್ಯಾಯಾಮ ಮಾಡಿ" ಎನ್ನುವುದು ಅಧಿಕಪ್ರಸಂಗವೇ. ಅವರಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಹೊಟ್ಟೆ ತುಂಬ ಒಳ್ಳೆಯ ಊಟ. ಆದರೆ ಜಮೀನನ್ನು ಮಗನಿಗೊಪ್ಪಿಸಿ, ಉಳುಮೆಯನ್ನು ಟ್ರ್ಯಾಕ್ಟರಿಗೆ ಬಿಟ್ಟು ಹತ್ತು ವರ್ಷ ಜಗಲಿಯಲ್ಲಿ ಕುಳಿತವರು, ಹಿಂದೆ ದುಡಿದದ್ದನ್ನು ಇಂದಿನ ಬಂಡವಾಳವೆಂದುಕೊಂಡರೆ ಹೇಗೆ? ಸ್ನಾಯು ಬ್ಯಾಂಕಿನ ಠೇವಣಿಯಲ್ಲ, ಇಟ್ಟಲ್ಲೇ ಬೆಳೆಯಲು.

ಮನೆಯಲ್ಲೇ ಒಬ್ಬರೇ ಮಾಡಿಕೊಳ್ಳಬಹುದಲ್ಲ, ಗುಂಪೇಕೆ ಎಂದು ಕೇಳುವವರಿದ್ದಾರೆ. ನಾನು ಒಬ್ಬನೇ ಮಾಡಲು ಹೊರಟು ಮೂರು ಸಲ ಸೋತಿದ್ದೇನೆ. ಎಂಟು ದಿನ ಉತ್ಸಾಹ, ಒಂಬತ್ತನೆಯ ದಿನ ನೆಗಡಿ, ಹತ್ತನೆಯ ದಿನ ನೆಂಟರು! ಕೊನೆಗೆ ಪರಿಚಿತರೊಬ್ಬರ ಕಣ (ಒಕ್ಕಣೆಗೆ ಯಂತ್ರ ಬಂದ ಮೇಲೆ ಪಾಳು ಬಿದ್ದಿತ್ತು) ಕೇಳಿಕೊಂಡು ನಾಲ್ಕು ಜನ ಆರಂಭಿಸಿದೆವು. ಮೇಷ್ಟ್ರ ಚಾಳಿ ಎಲ್ಲಿ ಹೋದೀತು? ಮೊದಲ ದಿನವೇ ಒಂದು ಹಾಜರಿ ಪುಸ್ತಕ ತೆರೆದೆ. ಎಲ್ಲರೂ ನಕ್ಕರು. ಆದರೆ ನಮ್ಮನ್ನು ಈ ಎರಡು ವರ್ಷ ಹಿಡಿದಿಟ್ಟದ್ದು ಆ ನಲವತ್ತು ರೂಪಾಯಿಯ ಪುಸ್ತಕವೇ ಎಂದು ನನ್ನ ನಂಬಿಕೆ. ಎರಡು ದಿನ ಗೈರುಹಾಜರಾದರೆ ಯಾರಾದರೊಬ್ಬರು ಮನೆಗೆ ಹೋಗಿ ವಿಚಾರಿಸುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮನೆಗಳಲ್ಲಿ, ಹೀಗೆ ಬಾಗಿಲು ತಟ್ಟುವವರು ಇರುವುದು ವ್ಯಾಯಾಮಕ್ಕಿಂತ ಕಡಿಮೆ ಔಷಧವಲ್ಲ. ಹೋದ ಚಳಿಗಾಲದಲ್ಲಿ ಹಾಗೆ ವಿಚಾರಿಸಲು ಹೋದಾಗಲೇ ಸದಸ್ಯರೊಬ್ಬರು ಜ್ವರದಲ್ಲಿ ಒಬ್ಬರೇ ಮಲಗಿದ್ದುದು ತಿಳಿದದ್ದು.

ಮಾಡುವುದಾದರೂ ಏನು? ದೊಡ್ಡದೇನೂ ಇಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆ ಹಿಡಿದು ಒಂದೇ ಕಾಲಿನ ಮೇಲೆ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ಜೋಡಿಸುತ್ತಾ ಗೆರೆಯ ಮೇಲೆ ನಡೆಯುವುದು, ಕೊನೆಗೆ ಉಸಿರಾಟ. ತಾಳ ತಪ್ಪಿದರೆ ಸಂಗೀತದ ಮನೆಯ ಒಬ್ಬ ಹಿರಿಯರು ತೊಡೆ ತಟ್ಟಿ ಆದಿತಾಳ ಹಾಕುತ್ತಾರೆ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲ ವರ್ಷ ನಮ್ಮಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. "ಇವರಿಗೆ ಆರೋಗ್ಯದ ಕಾಳಜಿಯೇ ಇಲ್ಲ" ಎಂದು ನಾನು ಮನೆಯಲ್ಲಿ ಗೊಣಗಿದಾಗ ನನ್ನಾಕೆ ಒಲೆಯ ಮುಂದಿನಿಂದ ತಿರುಗದೆಯೇ, "ಬೆಳಿಗ್ಗೆ ಆರಕ್ಕೆ ನಾವೂ ಕಣಕ್ಕೆ ಬಂದರೆ ನಿಮಗೆ ಬಿಸಿನೀರು, ಕಾಫಿ ಯಾರು ಕೊಡ್ತಾರೆ?" ಎಂದಳು. ಮೂವತ್ತನಾಲ್ಕು ವರ್ಷ ವೇಳಾಪಟ್ಟಿ ಬರೆದವನಿಗೆ ಇಷ್ಟು ಹೊಳೆದಿರಲಿಲ್ಲ. ಈಗ ಸಂಜೆ ನಾಲ್ಕಕ್ಕೆ ಇನ್ನೊಂದು ತರಗತಿ ನಡೆಯುತ್ತದೆ. ಅದನ್ನು ನಡೆಸುವವರು ಹೆಂಗಸರೇ. ಅಲ್ಲಿ ಹದಿನಾಲ್ಕು ಜನ, ನಮಗಿಂತ ಹೆಚ್ಚು. ಅವರು ವ್ಯಾಯಾಮದ ಕೊನೆಗೆ ಕೋಲಾಟವನ್ನೂ ಸೇರಿಸಿಕೊಂಡಿದ್ದಾರೆ. ಹೆಜ್ಜೆ ಬದಲಿಸುವುದು, ತಿರುಗುವುದು, ಎದುರಿನವರ ಕೋಲಿನ ಮೇಲೆ ಕಣ್ಣಿಡುವುದು. ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನಂತೂ ಕಾಣೆ.

ನಮ್ಮ ನಾಡಿನಲ್ಲಿ ಇಂಥದ್ದು ಹೊಸದೇನೂ ಅಲ್ಲ. 1980ರಲ್ಲಿ ತುಮಕೂರಿನಲ್ಲಿ ಆರಂಭವಾದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಅನೇಕ ಊರುಗಳಲ್ಲಿ ಬೆಳಗಿನ ಜಾವ ಉಚಿತವಾಗಿ ಸಾಮೂಹಿಕ ಯೋಗ ಕಲಿಸುತ್ತಾ ಬಂದಿದ್ದಾರೆ. ನನಗೆ ಬೇಸರ ತರಿಸುವುದು ವರ್ಷಕ್ಕೊಂದು ದಿನದ ಯೋಗ. 2015ರಿಂದ ಪ್ರತಿ ಜೂನ್ 21ರಂದು ಮೈದಾನ ತುಂಬುತ್ತದೆ, ಫೋಟೋ ಬರುತ್ತದೆ, 22ರಂದು ಚಾಪೆ ಅಟ್ಟ ಸೇರುತ್ತದೆ. ಟೀವಿ ನೋಡಿ ಎಪ್ಪತ್ತರಲ್ಲಿ ಶೀರ್ಷಾಸನಕ್ಕೆ ಹೊರಡುವವರನ್ನು ಕಂಡರೆ ಭಯವಾಗುತ್ತದೆ. ಬಿ.ಕೆ.ಎಸ್. ಅಯ್ಯಂಗಾರರು ಇಳಿವಯಸ್ಸಿನಲ್ಲೂ ಅದನ್ನು ಮಾಡುತ್ತಿದ್ದರು, ಸರಿಯೇ. ಅವರು ಹದಿಹರೆಯದಲ್ಲೇ ಮೈಸೂರಿನಲ್ಲಿ ಗುರುಮುಖೇನ ಕಲಿತವರು. ಕೈಲಾಗದವರಿಗೆಂದು ಕುರ್ಚಿ, ಪಟ್ಟಿ, ದಿಂಬುಗಳನ್ನು ಯೋಗಕ್ಕೆ ತಂದವರೂ ಅವರೇ ಎಂಬುದನ್ನು ಮರೆಯಬಾರದು. ರಕ್ತದೊತ್ತಡ, ಕಣ್ಣಿನ ಒತ್ತಡ ಇರುವವರು ವೈದ್ಯರನ್ನು ಕೇಳದೆ ತಲೆ ಕೆಳಗೆ ಮಾಡಬೇಡಿ. ವ್ಯಾಯಾಮ ಶುರುವಾಯಿತೆಂದು ನಿಮಗೆ ನೀವೇ ಮಾತ್ರೆಯನ್ನೂ ನಿಲ್ಲಿಸಬೇಡಿ.

ಜಪಾನಿನಲ್ಲಿ 1928ರಿಂದ ರೇಡಿಯೋ ಮೂಲಕ ವ್ಯಾಯಾಮ ಹೇಳಿಕೊಡುತ್ತಿದ್ದಾರೆ. ಯುದ್ಧಾನಂತರ ಕೆಲಕಾಲ ನಿಂತು, 1951ರಲ್ಲಿ ಮತ್ತೆ ಆರಂಭವಾದ ಆ ಕಾರ್ಯಕ್ರಮ ಇಂದಿಗೂ ಬೆಳಿಗ್ಗೆ ಆರೂವರೆಗೆ ಪಿಯಾನೋ ಸಂಗೀತದೊಂದಿಗೆ ಬರುತ್ತದೆ. ಉದ್ಯಾನಗಳಲ್ಲಿ ಮುದುಕರು ಗುಂಪುಗೂಡಿ ಅದಕ್ಕೆ ಸರಿಯಾಗಿ ಕೈಕಾಲಾಡಿಸುತ್ತಾರೆ. ನಮಗೆ ಹಾಸನದಲ್ಲೇ ಆಕಾಶವಾಣಿ ಕೇಂದ್ರವಿದೆ. ಶ್ರೀಕಂಠನ್ ಅವರೂ ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಹಿರಿಯರಿಗಾಗಿ ಕನ್ನಡದಲ್ಲಿ ಹೇಳಿಕೊಡುವವರ ಒಂದು ದನಿ, ಹಿನ್ನೆಲೆಗೆ ಒಂದು ವೀಣೆ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕೇ? ಊರೂರಿನ ಜಗಲಿಗಳಲ್ಲಿ ಅದು ಕೇಳಿಸಿದರೆ ನನ್ನಂಥ ಮೇಷ್ಟ್ರುಗಳ ಅಗತ್ಯವೂ ಇರದು.

ಅಕ್ಕ ಈಗ ಸಂಜೆಯ ತರಗತಿಗೆ ಕೋಲೂರಿಕೊಂಡು ಬರುತ್ತಾಳೆ. ಕೈಯೂರದೆ ಕುರ್ಚಿಯಿಂದ ಏಳು ಸಲ ಏಳುತ್ತಾಳೆ. ಎಂಟನೆಯದಕ್ಕೆ, "ಸಾಕು ಕಣೋ, ನಾಳೆಗಿರಲಿ" ಎನ್ನುತ್ತಾಳೆ. ಹೊಳೆಯ ಮೆಟ್ಟಿಲಿಗೆ ಇನ್ನೂ ಹೋಗಿಲ್ಲ, ನಾನೂ ಒತ್ತಾಯಿಸಿಲ್ಲ. ಸದ್ಯಕ್ಕೆ ನಮ್ಮ ಚಿಂತೆ ಮಳೆಗಾಲದ್ದು. ಕಣಕ್ಕೆ ಮಾಡಿಲ್ಲ, ಹೋದ ವರ್ಷ ಆಷಾಢ ಶ್ರಾವಣಗಳಲ್ಲಿ ಹಾಜರಿ ಪುಸ್ತಕದ ಎರಡು ತಿಂಗಳ ಹಾಳೆಗಳು ಹೆಚ್ಚುಕಡಿಮೆ ಖಾಲಿಯೇ ಉಳಿದವು. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಉಪಯೋಗಕ್ಕೆ, ಹೊತ್ತುಹೊತ್ತಿಗೆ ಖಾಲಿಯಿರುವ ಒಂದು ಸೂರಿನ ಕೆಳಗೆ ಜಾಗ ಕೊಡಿರೆಂದು ಸಂಬಂಧಪಟ್ಟವರಿಗೆ ಇಪ್ಪತ್ತೈದು ಸಹಿಗಳೊಡನೆ ಪತ್ರ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಸೋಮವಾರ ಮತ್ತೆ ಹೋಗಿ ಕೇಳಬೇಕು. ಈ ಸಲ ಅಕ್ಕನೂ ಬರುತ್ತೇನೆಂದಿದ್ದಾಳೆ.