ಹಾಡುವ ಕೊರಳಿಗೆ ಕೇಳುವ ಕಿವಿ

ಒಬ್ಬರೇ ಹಾಡುವುದು ಒಂದು ವಿದ್ಯೆ. ಹಲವರು ಕೂಡಿ ಹಾಡುವುದು ಮತ್ತೊಂದು ವಿದ್ಯೆ. ಮೊದಲನೆಯದರಲ್ಲಿ ನಿಪುಣರಾದವರು ಎರಡನೆಯದರಲ್ಲಿ ಸೋಲುವುದುಂಟು. ಮೊದಲನೆಯದರಲ್ಲಿ ಸಾಮಾನ್ಯರೆನಿಸಿದವರು ಎರಡನೆಯದರಲ್ಲಿ ಗೆಲ್ಲುವುದೂ ಉಂಟು. ನಮ್ಮ ಊರೂರುಗಳಲ್ಲಿ ಇಂದು ಸಾಮೂಹಿಕ ವಚನ ಗಾಯನದ ಬಳಗಗಳು ಹುಟ್ಟಿಕೊಂಡಿವೆ. ಬಸವ ಜಯಂತಿಯಿರಲಿ, ಶ್ರಾವಣದ ಪ್ರವಚನವಿರಲಿ, ಗೃಹಪ್ರವೇಶವಿರಲಿ, ಹತ್ತಿಪ್ಪತ್ತು ಜನ ಸಾಲಾಗಿ ನಿಂತು ವಚನಗಳನ್ನು ಹಾಡದೆ ಕಾರ್ಯಕ್ರಮ ಆರಂಭವಾಗುವುದಿಲ್ಲ. ಇದು ಸಂತೋಷದ ಸಂಗತಿ. ಆದರೆ ಹಾಡಿ ಮುಗಿಸಿದವರಿಗೆ ನಾವು ಕೊಡುವುದು ಚಪ್ಪಾಳೆಯನ್ನು ಮಾತ್ರ. ಹಾಡು ಹೇಗಿತ್ತೆಂದು ಪ್ರೀತಿಯಿಂದ, ಪ್ರಾಮಾಣಿಕವಾಗಿ ಹೇಳುವವರು ವಿರಳ.

ಕಳೆದ ತಿಂಗಳು ನಮ್ಮ ಊರಿನ ಇಂತಹ ಒಂದು ಬಳಗದ ವಚನ ಗಾಯನ ಕಾರ್ಯಕ್ರಮಕ್ಕೆ ಹೋಗಿ ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳಿದೆವು. ನಾವು ಸಂಗೀತದ ಪಂಡಿತರಲ್ಲ. ಸಂಜೆಯ ಪೂಜೆಯಾದ ಮೇಲೆ ಹಾರ್ಮೋನಿಯಂ ಮುಂದಿಟ್ಟುಕೊಂಡು ನಾಲ್ಕು ವಚನ ಹಾಡಿಕೊಳ್ಳುವ ಹವ್ಯಾಸಿಗಳು. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ವಿಮರ್ಶೆಯಲ್ಲ. ಒಂದೇ ಹಾದಿಯಲ್ಲಿ ನಡೆಯುವವರು ಪರಸ್ಪರ ಆಡಿಕೊಳ್ಳುವ ಮಾತು.

ವೇದಿಕೆಯ ಮೇಲೆ ಹದಿನೇಳು ಜನ ತಾಯಂದಿರು, ಏಳು ಜನ ಮಹನೀಯರು. ಗೃಹಿಣಿಯರು, ನಿವೃತ್ತ ಶಿಕ್ಷಕರು, ಒಬ್ಬಿಬ್ಬರು ವ್ಯಾಪಾರಸ್ಥರು, ಕಾಲೇಜು ಓದುವ ಇಬ್ಬರು ಹೆಣ್ಣುಮಕ್ಕಳು. ಮೊದಲನೆಯ ವಚನವನ್ನು ಅವರು ವಿಳಂಬವಾಗಿ, ಯಾವ ಅಲಂಕಾರವೂ ಇಲ್ಲದೆ, ಒಂದೇ ಉಸಿರಿನವರಂತೆ ಹಾಡಿದರು. ಸಭೆ ತಾನಾಗಿಯೇ ಮೌನವಾಯಿತು. ಒಬ್ಬರೂ ಪುಸ್ತಕ ನೋಡಲಿಲ್ಲ. ಎಲ್ಲರಿಗೂ ಪಾಠ ಬಾಯಿಗೆ ಬಂದಿತ್ತು. ಮನೆಗೆಲಸದ ನಡುವೆ ವಾರಕ್ಕೆರಡು ದಿನ ಬಿಡುವು ಮಾಡಿಕೊಂಡು ಕಲಿತವರ ಶ್ರಮ ಅದು. ಅದಕ್ಕೆ ಮೊದಲು ನಮ್ಮ ಶರಣು.

ಎರಡನೆಯ ವಚನದಿಂದ ತೊಡಕುಗಳು ಕಾಣಿಸತೊಡಗಿದವು. ಮೊದಲ ತೊಡಕು ಶ್ರುತಿಯದು. ಬಳಗದವರು ತಾಯಂದಿರಿಗೆ ಹಿತವಾದ ಕಪ್ಪು ನಾಲ್ಕನ್ನು ಆರಿಸಿಕೊಂಡಿದ್ದರು. ಗಂಡಸರ ಕೊರಳಿಗೆ ಅದು ಮೇಲೆ ಹೋದರೆ ಆಕಾಶ, ಕೆಳಗಿಳಿದರೆ ಪಾತಾಳ. ಹೀಗಾಗಿ ಏಳು ಜನರಲ್ಲಿ ಇಬ್ಬರು ಕೂಗಿದರು, ಮೂವರು ಗೊಣಗಿದರು, ಇನ್ನಿಬ್ಬರು ಬಾಯಾಡಿಸುತ್ತ ನಿಂತರು. ಪಾಶ್ಚಾತ್ಯರ ವೃಂದಗಾನದಲ್ಲಿ ಎತ್ತರದ ಕೊರಳಿಗೊಂದು, ತಗ್ಗಿನ ಕೊರಳಿಗೊಂದು ಬೇರೆ ಬೇರೆ ಸ್ವರಸಾಲುಗಳನ್ನು ಬರೆದು ಈ ತೊಂದರೆಯನ್ನು ನಿವಾರಿಸುತ್ತಾರೆ. ನಮ್ಮದು ಎಲ್ಲರೂ ಒಂದೇ ಸ್ವರವನ್ನು ಹಿಡಿಯುವ ಏಕಕಂಠದ ಪದ್ಧತಿ. ಆದರೆ ನಮ್ಮಲ್ಲಿಯೂ ದಾರಿಯಿದೆ. ಕಪ್ಪು ನಾಲ್ಕರಲ್ಲಿ ಹಾಡುವವರಿಗೆ ಕಪ್ಪು ಒಂದು ಮಧ್ಯಮವಾಗುತ್ತದೆ. ಅದೇ ಕಪ್ಪು ಒಂದನ್ನು ಗಂಡಸರು ಷಡ್ಜವಾಗಿ ಹಿಡಿದರೆ ಕಪ್ಪು ನಾಲ್ಕು ಅವರಿಗೆ ಪಂಚಮ. ಮಧ್ಯಮವುಳ್ಳ ರಾಗಗಳನ್ನು ಆರಿಸಿಕೊಂಡರೆ ಈ ಎರಡು ಸ್ವರಗಳನ್ನು ಮಿಡಿಯುವ ಒಂದೇ ತಂಬೂರಿ ಇಬ್ಬರಿಗೂ ಆಸರೆಯಾಗಬಲ್ಲುದು. ಕೆಲವು ವಚನಗಳನ್ನು ತಾಯಂದಿರೂ ಕೆಲವನ್ನು ಗಂಡಸರೂ ತಮ್ಮ ತಮ್ಮ ಶ್ರುತಿಯಲ್ಲಿ ಹಾಡಿದರೆ ಯಾರೂ ಕೂಗಬೇಕಾಗಿಲ್ಲ, ಯಾರೂ ಸುಮ್ಮನಿರಬೇಕಾಗಿಲ್ಲ.

ಎರಡನೆಯದು ಲಯ. ವಚನ ಮೂಲತಃ ಗದ್ಯ. ಅದರ ಸಾಲುಗಳು ಮಾತ್ರೆಗಳನ್ನು ಎಣಿಸಿ ಕಟ್ಟಿದವಲ್ಲ. ಪಲ್ಲವಿಯೊಡನೆ ಹಾಡಿಗೆಂದೇ ರಚಿತವಾದ ಸ್ವರವಚನಗಳ ಮಾತು ಬೇರೆ. ಗದ್ಯದ ವಚನವನ್ನು ಎಂಟು ಮಾತ್ರೆಗಳ ಕೇರವಾ ತಾಳಕ್ಕೆ ಹೊಂದಿಸುವಾಗ ಎಲ್ಲಿಯೋ ಎಳೆಯಬೇಕು, ಎಲ್ಲಿಯೋ ಒತ್ತಬೇಕು. ಒತ್ತುವ ಕಡೆ ನಮ್ಮ ಬಳಗ ಓಡಿತು. ತಬಲಾದವರು ಹಿಂದಕ್ಕೆ ಜಗ್ಗಿದರು, ಬಳಗ ಮುಂದಕ್ಕೆ ಎಳೆಯಿತು. ನಡುವೆ ಸಿಕ್ಕ ವಚನ ಹಗ್ಗ ಜಗ್ಗಾಟದ ಹಗ್ಗವಾಯಿತು. ಕೂಡಿ ಹಾಡುವಾಗ ಪ್ರತಿಯೊಬ್ಬರೂ ಪಕ್ಕದವರಿಗಿಂತ ಕೂದಲೆಳೆಯಷ್ಟು ಮುಂಚೆ ಸ್ವರ ಎತ್ತಲು ಬಯಸುತ್ತಾರೆ. ಹಿಂದುಳಿಯಬಾರದೆಂಬ ಭಯ ಅದಕ್ಕೆ ಕಾರಣ. ಎಲ್ಲರ ಭಯವೂ ಕೂಡಿದಾಗ ಲಯ ಏರುತ್ತದೆ.

ಮೂರನೆಯದು ಅನುಕರಣೆ. ವಚನಗಳನ್ನು ಕಚೇರಿಯ ವೇದಿಕೆಗೆ ತಂದ ಹಿರಿಯರ ದೊಡ್ಡ ಪರಂಪರೆ ನಮ್ಮದು. 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನಸೂರರು, ಅವರಿಗಿಂತ ಒಂದು ವರ್ಷ ಮೊದಲು ನಮ್ಮನ್ನಗಲಿದ ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳನ್ನು ಕೇಳುತ್ತ ಬೆಳೆದವರು ನಾವು. ಇಂದು ಆ ಧ್ವನಿಮುದ್ರಿಕೆಗಳೆಲ್ಲ ಅಂಗೈಯ ಮೊಬೈಲಿನಲ್ಲಿಯೇ ದೊರೆಯುತ್ತವೆ. ಬಳಗದವರು ಅವನ್ನು ಕೇಳಿ ಕಲಿಯುವುದು ಸಹಜ. ಆದರೆ ಜೀವಮಾನವಿಡೀ ಸಾಧನೆ ಮಾಡಿದ ಒಂದು ಕೊರಳು ಆ ಕ್ಷಣದ ಸ್ಫೂರ್ತಿಯಿಂದ ಹೊರಳಿಸಿದ ಮುರ್ಕಿಯನ್ನು ಇಪ್ಪತ್ನಾಲ್ಕು ಕೊರಳುಗಳು ಒಟ್ಟಿಗೆ ಹೊರಳಿಸಹೋದರೆ ಏನಾಗುತ್ತದೆ? ಮುತ್ತಿನ ಸರ ಹರಿದು ನೆಲದ ಮೇಲೆ ಚೆಲ್ಲಿದಂತಾಗುತ್ತದೆ. ಏಕಾಂಗಿ ಗಾಯಕನ ಸಿರಿ ಅಲಂಕಾರದಲ್ಲಿ. ಸಮೂಹದ ಸಿರಿ ಸರಳತೆಯಲ್ಲಿ. ಮೊದಲನೆಯ ವಚನ ನಮ್ಮ ಎದೆಗೆ ತಾಗಿದ್ದು ಅದು ಸರಳವಾಗಿದ್ದುದರಿಂದಲೇ.

ನಾಲ್ಕನೆಯದು ಶಬ್ದ. ಇಪ್ಪತ್ತು ಜನ ‘ಶಿವ’ ಎನ್ನುವಾಗ ಒಬ್ಬೊಬ್ಬರು ಒಂದೊಂದು ಗಳಿಗೆಗೆ ಆರಂಭಿಸಿದರೆ ಆ ‘ಶ’ಕಾರ ಸಭೆಯಲ್ಲಿ ಮೂರು ನಾಲ್ಕು ಸಲ ಕೇಳಿಸುತ್ತದೆ. ಅಂಕಿತದ ನಡುವೆ ಉಸಿರು ತೆಗೆದುಕೊಂಡು ‘ಚೆನ್ನ’ ಎಂದು ನಿಂತು, ಆಮೇಲೆ ‘ಮಲ್ಲಿಕಾರ್ಜುನ’ ಎಂದರೆ ಅಕ್ಕನ ಒಡೆಯನೇ ಇಬ್ಭಾಗವಾದಂತಾಗುತ್ತದೆ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ತಂದು, ಬಡತನವನ್ನು ಲೆಕ್ಕಿಸದೆ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ್ದು ಶರಣರ ಮಾತು ಜನರಿಗೆ ತಿಳಿಯಲೆಂದು. ರಾಗವೆಷ್ಟೇ ಇಂಪಾಗಿದ್ದರೂ ಮಾತು ತಿಳಿಯದೆ ಹೋದರೆ ವಚನ ಗಾಯನದ ಉದ್ದೇಶ ಅರ್ಧಕ್ಕೆ ನಿಂತಂತೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದನ್ನು ಮೊದಲೇ ಗುರುತು ಹಾಕಿಕೊಂಡು, ವಚನವನ್ನು ಹಾಡುವ ಮುನ್ನ ಎಲ್ಲರೂ ಕೂಡಿ ನಾಲ್ಕು ಸಲ ಓದುವುದು ಒಳ್ಳೆಯದು.

ಕಾರ್ಯಕ್ರಮ ಮುಗಿದ ಮೇಲೆ ಪ್ರಸಾದದ ಪಂಕ್ತಿಯಲ್ಲಿ ಈ ಮಾತುಗಳನ್ನು ಬಳಗದ ಹಿರಿಯರೊಬ್ಬರ ಮುಂದೆ ಮೆಲ್ಲನೆ ಇಟ್ಟೆವು. ಅವರು ನಕ್ಕು, “ನಮ್ಮದು ಭಕ್ತಿಯ ಹಾಡು. ತಾಳ ಮಾನದ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಲ್ಲವೆ?” ಎಂದರು. ಹೌದು, ಆ ಭಾವದ ವಚನವುಂಟು. ಆದರೆ ಅದು ತುಂಬಿದ ಕೊಡದ ವಿನಯ. ಅಭ್ಯಾಸ ತಪ್ಪಿಸಲು ದೊರೆತ ರಹದಾರಿಯಲ್ಲ. ತಮ್ಮ ದೇಹವನ್ನೇ ವೀಣೆಯ ದಂಡಿಗೆಯಾಗಿ ಮಾಡಿ ನುಡಿಸೆಂದು ದೇವರನ್ನು ಬೇಡಿಕೊಂಡವರೂ ಅದೇ ಬಸವಣ್ಣನವರು. ತಂತಿ ಶ್ರುತಿಗೊಳ್ಳದೆ ವೀಣೆ ನುಡಿಯುವುದುಂಟೆ? ಕಾಯಕದಲ್ಲಿ ಅಚ್ಚುಕಟ್ಟನ್ನು ಬೇಡುವ ಧರ್ಮ ಹಾಡಿನಲ್ಲಿ ಅದನ್ನು ಬೇಡವೆನ್ನಲಾರದು. ಭಕ್ತಿಯಿದ್ದಲ್ಲಿ ಅಭ್ಯಾಸ ಹೆಚ್ಚಬೇಕಲ್ಲದೆ ಕಡಿಮೆಯಾಗಬಾರದು.

ಅದೇ ಪಂಕ್ತಿಯಲ್ಲಿ ಇನ್ನೊಂದು ಮಾತು ಕಿವಿಗೆ ಬಿತ್ತು. ಈ ಲೇಖನವನ್ನು ಬರೆಯಿಸಿದ್ದು ಅದೇ ಮಾತು. ಹಿಂದಿನ ಸಾಲಿನಲ್ಲಿ ನಿಂತಿದ್ದ ವಯಸ್ಸಾದ ತಾಯಿಯೊಬ್ಬರ ಸ್ವರ ಉದ್ದಕ್ಕೂ ಅರ್ಧ ಸ್ವರ ಕೆಳಗೆ ಉಳಿಯುತ್ತಿತ್ತು. ಅದು ಎಲ್ಲರಿಗೂ ಕೇಳಿಸಿತ್ತು. “ಮುಂದಿನ ಸಲ ಅವರನ್ನು ಬಿಟ್ಟುಬಿಡೋಣ, ಇಲ್ಲವೆ ಬರೀ ಬಾಯಾಡಿಸಲು ಹೇಳೋಣ” ಎಂದು ಬಳಗದ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ಆ ತಾಯಿ ಬಳಗ ಆರಂಭವಾದ ದಿನದಿಂದ ಒಂದು ಅಭ್ಯಾಸವನ್ನೂ ತಪ್ಪಿಸಿದವರಲ್ಲವೆಂದು ಆಮೇಲೆ ತಿಳಿಯಿತು.

ಹಾಡು ಕೆಟ್ಟರೂ ಚಿಂತೆಯಿಲ್ಲ, ಎಲ್ಲರೂ ಇರಲಿ ಎಂದು ಹೇಳುವುದು ಸುಲಭ. ಆದರೆ ಕೇಳಲು ಬಂದವರಿಗೂ, ಶ್ರಮಪಟ್ಟು ಕಲಿತ ಉಳಿದವರಿಗೂ ಅದು ನ್ಯಾಯವಲ್ಲ. ಹಾಡು ಚೆನ್ನಾಗಬೇಕು, ಕೊರಳಿಲ್ಲದವರು ಹೊರಗಿರಲಿ ಎನ್ನುವುದೂ ಸುಲಭ. ಆದರೆ ಇವನಾರವನೆಂದು ಕೇಳದೆ ಎಲ್ಲರನ್ನೂ ತನ್ನವರೆಂದ ಅಂಗಳದಲ್ಲಿ ಆ ಮಾತು ಹೊಂದುವುದಿಲ್ಲ. ಒಬ್ಬರಿಗೆ ಬಾಯಾಡಿಸುತ್ತ ನಿಲ್ಲಲು ಹೇಳುವುದಂತೂ ನುಡಿ ನಡೆ ಒಂದಾಗಬೇಕೆಂದು ಹಾಡುವ ವೇದಿಕೆಯ ಮೇಲೆಯೇ ಸುಳ್ಳನ್ನು ನಿಲ್ಲಿಸಿದಂತೆ.

ಸ್ವರ ಕೆಳಗೆ ಉಳಿಯುವುದಕ್ಕೆ ಬಹಳ ಸಲ ಕೊರಳು ಕಾರಣವಲ್ಲ. ತಮ್ಮ ಸ್ವರವೂ ಪಕ್ಕದವರ ಸ್ವರವೂ ಸರಿಯಾಗಿ ಕೇಳಿಸದಿರುವುದು ಕಾರಣ. ಆ ತಾಯಿ ನಿಂತಿದ್ದುದು ಹಿಂದಿನ ಸಾಲಿನ ತುದಿಯಲ್ಲಿ, ತಬಲಾದ ಮಗ್ಗುಲಲ್ಲಿ. ಧ್ವನಿವರ್ಧಕಗಳು ಸಭೆಯ ಕಡೆಗೆ ಮುಖ ಮಾಡಿದ್ದವು. ಅವರನ್ನು ನಡುವೆ, ಗಟ್ಟಿ ಶ್ರುತಿಜ್ಞಾನವುಳ್ಳ ಇಬ್ಬರ ಮಧ್ಯೆ ನಿಲ್ಲಿಸಿ ನೋಡಬೇಕು. ಬಳಗ ನೇರ ಸಾಲಿನಲ್ಲಿ ನಿಲ್ಲುವ ಬದಲು ಅರ್ಧಚಂದ್ರಾಕಾರವಾಗಿ ನಿಂತರೆ ಒಬ್ಬರಿಗೊಬ್ಬರು ಕೇಳಿಸುತ್ತಾರೆ. ಅಭ್ಯಾಸದಲ್ಲಿ ಒಂದು ವಚನವನ್ನಾದರೂ ಹಾರ್ಮೋನಿಯಂ ನಿಲ್ಲಿಸಿ, ತಂಬೂರಿಯೊಂದನ್ನೇ ಇಟ್ಟುಕೊಂಡು, ಪಕ್ಕದವರ ದನಿ ಕೇಳುವಷ್ಟು ಮೆಲ್ಲಗೆ ಹಾಡಬೇಕು. ಇಷ್ಟು ಮಾಡಿದ ಮೇಲೂ ಸ್ವರ ಕೂಡದವರಿಗೆ ವಚನವನ್ನು ಓದಿ ಅರ್ಥ ಹೇಳುವ ಹೊಣೆಯನ್ನು ಗೌರವದಿಂದ ಕೊಡಬಹುದು. ಅದು ಹಾಡಿಗಿಂತ ಕೆಳಗಿನ ಸೇವೆಯಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ನೆನಪು ಇಲ್ಲಿ ಬರುತ್ತದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದ ನೂರಾರು ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು. ಜಗತ್ತು ಒಲ್ಲೆನೆಂದವರನ್ನು ಅವರು ಕೈಹಿಡಿದರು; ಹಾಗೆಂದು ಸಂಗೀತದ ಮಟ್ಟವನ್ನು ತಗ್ಗಿಸಲಿಲ್ಲ. ಕೇಳುವುದನ್ನು ಕಲಿಸಿದರು. ಕರುಣೆಗೂ ಶಿಸ್ತಿಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ನಾಡಿನಲ್ಲಿ ಬೇರೆ ಬೇಕಿಲ್ಲ.

ಓದುಗ ಬಂಧುಗಳ ಮನೆಗಳಲ್ಲಿಯೂ ಇಂತಹ ಬಳಗಗಳಲ್ಲಿ ಹಾಡುವ ತಾಯಂದಿರು, ಅಕ್ಕಂದಿರು ಇದ್ದಾರೆ. ಅವರು ಅಭ್ಯಾಸಕ್ಕೆ ಹೊರಡುವ ಸಂಜೆ ಮನೆಯ ಕೆಲಸದಲ್ಲಿ ಒಂದು ಪಾಲನ್ನು ಉಳಿದವರು ವಹಿಸಿಕೊಂಡರೆ ಅದೂ ಹಾಡಿಗೆ ಸಲ್ಲಿಸಿದ ಸೇವೆಯೇ. ಅವರು ಹಾಡಿ ಬಂದಾಗ “ಚೆನ್ನಾಗಿತ್ತು” ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾವ ಸಾಲು ತಿಳಿಯಿತು, ಯಾವುದು ತಿಳಿಯಲಿಲ್ಲವೆಂದು ಹೇಳಿರಿ. ಕೂಡಿ ಹಾಡುವುದೆಂದರೆ ನನ್ನ ದನಿಯನ್ನು ಪಕ್ಕದವರ ದನಿಗಿಂತ ಒಂದಿಷ್ಟು ತಗ್ಗಿಸುವುದು. ಇದನ್ನು ಕಲಿತ ಬಳಗ ಚೆನ್ನಾಗಿ ಹಾಡುತ್ತದೆ. ಕಲಿತ ಮನೆ ಚೆನ್ನಾಗಿ ಬಾಳುತ್ತದೆ.